ಒಡೇರ ಮನೆ ಬಿದ್ದದ್ದು ಕಾಯ್ದೆಯೊಂದರಿಂದಲೇ?

ಕುಮಟೆ ಕಡೆಯ ಒಡೇರ ಮನೆ, ಅಂದರೆ ಗದ್ದೆ ಗೇಣಿಗೆ ಕೊಡುತ್ತಿದ್ದ ಜಮೀನುದಾರರ ಮನೆ, ಹೇಳಹೆಸರಿಲ್ಲದಂತಾದ ಬಗ್ಗೆ ನೀವು ಬರೆದದ್ದು ಓದಿ ಖುಷಿಯಾಯಿತು. ಆದರೆ ಉಳುವವರಿಗೇ ಭೂಮಿ ಕೊಟ್ಟ 1974ರ ಭೂಸುಧಾರಣೆ ಬಂತು, ಮನೆ ಬಿತ್ತು ಎಂಬ ತೀರ್ಮಾನ ಒಪ್ಪಲಾರೆ. ಕುಮಟೆ ಪೇಟೆಗೆ ದುಡ್ಡು ಹರಿದದ್ದು ಗೇಣಿ ಭತ್ತದಿಂದ ಮಾತ್ರವಲ್ಲ, ಹತ್ತಿಯಿಂದಲೂ. 1861ರಿಂದ 65ರ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ತಪ್ಪಿತು, ಧಾರವಾಡದ ಹತ್ತಿಗೆ ಬೆಲೆ ಬಂತು. ಅದು ದೇವಿಮನೆ ಘಟ್ಟ ಇಳಿದು ಕುಮಟೆ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. 1880ರ ದಶಕದ ಕೊನೆಗೆ ಗೋವೆಯ ಮುರ್ಗಾಂವಿಗೆ ರೈಲು ಬಂದದ್ದೇ ಸರಕು ಬಹುಪಾಲು ಅತ್ತ ತಿರುಗಿತು. ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗಲೇ ಗೇಣಿದಾರರಿಗೆ ರಕ್ಷಣೆ ಕೊಡುವ 1948ರ ಗೇಣಿ ಕಾಯ್ದೆಯೂ ಬಂದಿತ್ತು.

'ಮಳೆಗೆ ಕುಸಿಯಿತು' ಅಂತಲೂ ಬರೆದಿದ್ದೀರಿ. ಚಿರೆಕಲ್ಲಿನ ಗೋಡೆ ಸುಮ್ಮನೆ ಕುಸಿಯುವುದಿಲ್ಲ ಮಾರಾಯ್ರೆ! ಮನೆ ಪಾಲಾಗುತ್ತದೆ, ಮಕ್ಕಳು ಮುಂಬೈ ಸೇರುತ್ತಾರೆ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಇರುವುದಿಲ್ಲ. ಜಾರಿದ ಹಂಚಿನ ಸಂದಿಯಲ್ಲಿ ನೀರಿಳಿದು ಹಂಚು ಹೊತ್ತ ಮರದ ಪಕಾಸು ಕೊಳೆತು ಕುಂಬಾಗಿ ಮಾಡು ಬೀಳುತ್ತದೆ. ಆಮೇಲೆ ಕಲ್ಲಿನ ನಡುವಿನ ಮಣ್ಣು ತೊಳೆದುಹೋಗುತ್ತದೆ. ಅಷ್ಟರಲ್ಲಿ ಹಲಸಿನ ಕಂಬ, ಹೆಬ್ಬಾಗಿಲು ಎಲ್ಲ ಹಳೇ ಸಾಮಾನಿನವರ ಲಾರಿ ಹತ್ತಿರುತ್ತವೆ. ಇದನ್ನು ಕಾಯ್ದೆ ಮಾಡಿಸಿತೇ?

ನಮ್ಮ ಅಜ್ಜ ಅಂಥದೇ ಒಂದು ಮನೆಯ ಅಂಗಳದಲ್ಲಿ ಗೇಣಿ ಭತ್ತ ಅಳೆದವರು. ಜಗಲಿ ಹತ್ತುವ ಹಕ್ಕಿರಲಿಲ್ಲ. ಗೇಣಿಗೆ ಉಳುವವರು ನಾವೇ ಎಂದು ಡಿಕ್ಲರೇಶನ್ ಅರ್ಜಿ ಕೊಟ್ಟು ಗದ್ದೆ ತಮ್ಮ ಹೆಸರಿಗೆ ಮಾಡಿಸಿಕೊಂಡವರ ಮನೆಗಳಲ್ಲೂ ಈ ಕಥೆ ಇದೆ, ಬೇರೆ ದನಿಯಲ್ಲಿ. ಮುಂದಿನ ಕಂತು ಬರೆಯುವ ಮೊದಲು ಅವರನ್ನೂ ಮಾತಾಡಿಸಿ.