ಬಯಾಪ್ಸಿ ವರದಿಯಲ್ಲಿ ಯಾರೂ ಓದದ ಸಾಲುಗಳು

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರಾಗಲಿ, ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಂಡೇ ಗದ್ದೆಗಿಳಿಯುವ ಮಂಡ್ಯ ಸೀಮೆಯವರಾಗಲಿ, ಬಾಯಿಯೊಳಗೆ ವಾಸಿಯಾಗದ ಹುಣ್ಣನ್ನು ತೋರಿಸಲು ಮೈಸೂರಿಗೆ ಬಂದಾಗ ವೈದ್ಯರು "ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರೆ, ಜೊತೆಗಿದ್ದವರು "ಬೇಡಿ ಸಾರ್, ಕತ್ತಿ ತಾಗಿದ್ರೆ ಹರಡ್ಬಿಡುತ್ತಂತೆ" ಎನ್ನುತ್ತಾರೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಬಾಯಿಯ ಕ್ಯಾನ್ಸರ್ ಉಲ್ಬಣಿಸುತ್ತದೆ ಎನ್ನಲು ಆಧಾರವಿಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ಮುಲಾಮು ಹಚ್ಚುತ್ತಾ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದೇ ನಿಜವಾದ ಅಪಾಯ.

ಆದರೆ ಸೂಕ್ಷ್ಮದರ್ಶಕದ ಮುಂದೆ ಕೂರುವ ನನ್ನಂಥವರ ತಕರಾರು ಬೇರೆ. ವರದಿ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು "ಕ್ಯಾನ್ಸರ್ ಹೌದೋ ಅಲ್ಲವೋ" ಎಂಬ ಒಂದೇ ಉತ್ತರವನ್ನು. ಮುಂದೇನಾಗಬಹುದೆಂದು ಹೇಳುವ ಸಾಲುಗಳು ಅದೇ ಹಾಳೆಯ ಕೆಳಗೆ, ಅದಕ್ಕಿಂತ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ನಂತರ ಬರುವ ಎರಡನೆಯ ವರದಿಯಲ್ಲಿ, ಓದುವವರಿಲ್ಲದೆ ಬಿದ್ದಿರುತ್ತವೆ.

ಮೊದಲ ಚೂರಿಗೂ ಮಿತಿಗಳಿವೆ. ಹುಣ್ಣಿನ ನಡುವಿನ ಕೊಳೆತ ಭಾಗದಿಂದ ತೆಗೆದರೆ ಸತ್ತ ಜೀವಕೋಶಗಳಷ್ಟೇ ಕಾಣುತ್ತವೆ; ತೀರಾ ಮೇಲಿಂದ ಕೆರೆದರೆ ರೋಗ ಒಳಗಿಳಿದಿದೆಯೇ ಎಂದು ಹೇಳಲಾಗುವುದಿಲ್ಲ. ಹುಣ್ಣಿನ ಅಂಚಿನಿಂದ, ಸಾಕಷ್ಟು ಆಳಕ್ಕೆ ತೆಗೆದ ತುಣುಕು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ನೆನೆದು, ಮೇಣದ ಬ್ಲಾಕ್ ಆಗಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳ್ಳಗೆ ಸೀಳಿಸಿಕೊಂಡು ಬಣ್ಣ ಹಚ್ಚಿಸಿಕೊಂಡ ಮೇಲೆಯೇ ನಮ್ಮ ಕಣ್ಣಿಗೆ ಬೀಳುವುದು. ಆದ್ದರಿಂದ "ಇನ್ನೂ ಯಾಕೆ ವರದಿ ಬಂದಿಲ್ಲ" ಎಂಬ ಸಿಟ್ಟಿಗೆ ನಮ್ಮಲ್ಲಿ ಉತ್ತರವಿದೆ.

ಜೀವಕೋಶಗಳು ಮೂಲ ಸ್ವರೂಪದಿಂದ ಎಷ್ಟು ದೂರ ಸರಿದಿವೆ ಎಂಬುದೇ ಗ್ರೇಡ್. ರೋಗಿಯ ಮನೆಯವರು ಕೇಳುವುದು ಹೆಚ್ಚಾಗಿ ಇದನ್ನೇ. ನನ್ನ ಮಟ್ಟಿಗೆ ಇದೊಂದನ್ನೇ ನಂಬಿ ಭವಿಷ್ಯ ಹೇಳುವುದು ದುಡುಕು. ಹೆಚ್ಚು ತೂಕವಿರುವುದು ಆಳಕ್ಕೆ. ಗಾರೆಯವರು ಗೋಡೆಗೆ ತೂಗುಗುಂಡು ಬಿಟ್ಟು ನೋಡುವಂತೆ, ಪಕ್ಕದ ಆರೋಗ್ಯವಂತ ಪದರದ ಬುಡದ ಮಟ್ಟದಿಂದ ನೇರ ಕೆಳಕ್ಕೆ, ಗೆಡ್ಡೆ ತಲುಪಿರುವ ಕೊನೆಯ ಬಿಂದುವಿನವರೆಗೆ ನಾವು ಅಳೆಯುತ್ತೇವೆ. 2017ರ ಅಂತರರಾಷ್ಟ್ರೀಯ ಹಂತ ವರ್ಗೀಕರಣದಲ್ಲಿ ಈ ಅಳತೆಗೆ ಅಧಿಕೃತ ಸ್ಥಾನ ಸಿಕ್ಕಿತು: ಎರಡು ಸೆಂಟಿಮೀಟರಿಗಿಂತ ಚಿಕ್ಕ ಗೆಡ್ಡೆಯೂ 5 ಮಿಲಿಮೀಟರಿಗಿಂತ ಆಳಕ್ಕಿಳಿದಿದ್ದರೆ ಅದನ್ನು ಮೊದಲ ವರ್ಗದಲ್ಲಿ ಇಡುವಂತಿಲ್ಲ. ಹೂಕೋಸಿನಂತೆ ಉಬ್ಬಿ ಹೆದರಿಸುವ ಗೆಡ್ಡೆ ಕೆಲವೊಮ್ಮೆ ಮೇಲ್ಮೇಲೇ ಇರುತ್ತದೆ; ನಾಲಿಗೆಯ ಪಕ್ಕದ ಸಣ್ಣ ಗಾಯ ಸ್ನಾಯುವಿನೊಳಗೆ ಬೇರುಬಿಟ್ಟಿರುತ್ತದೆ.

ಆಳ ಹೆಚ್ಚಿದಷ್ಟೂ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್‌ಗಳಿಗೆ) ರೋಗ ಹೋಗಿರುವ ಸಾಧ್ಯತೆ ಹೆಚ್ಚು. "ಕುತ್ತಿಗೆಯಲ್ಲಿ ಗಂಟೇ ಇಲ್ಲ, ಅಲ್ಲೇಕೆ ಕೊಯ್ಯುತ್ತೀರಿ?" ಎಂಬ ಪ್ರಶ್ನೆಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ 2015ರಲ್ಲಿ ಉತ್ತರ ಕೊಟ್ಟಿತು. ಆರಂಭದ ಹಂತದಲ್ಲಿಯೇ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಗಂಟು ಕಾಣಿಸಿಕೊಂಡ ಮೇಲೆ ತೆಗೆಸಿಕೊಳ್ಳಲೆಂದು ಕಾದವರಲ್ಲಿ ಶೇ. 67.5.

ಎರಡನೆಯ ವರದಿಯಲ್ಲಿ ಇನ್ನೂ ಮೂರು ಸಂಗತಿಗಳನ್ನು ನೋಡಬೇಕು. ಕತ್ತರಿಸಿದ ಅಂಚಿನಿಂದ ರೋಗ 5 ಮಿಲಿಮೀಟರಾದರೂ ದೂರವಿದೆಯೇ, ನರಗಳ ಗುಂಟ ಅದು ಹರಿದಿದೆಯೇ, ಗ್ರಂಥಿಯ ಹೊರಕವಚವನ್ನು ಒಡೆದು ಆಚೆ ಬಂದಿದೆಯೇ? ಕೊನೆಯದಕ್ಕೆ ಉತ್ತರ ಹೌದೆಂದಾದರೆ, ಅಥವಾ ಅಂಚಿನಲ್ಲೇ ರೋಗ ಉಳಿದಿದ್ದರೆ, ವಿಕಿರಣದ ಜೊತೆ ಕೀಮೋಥೆರಪಿಯನ್ನೂ ಸಾಮಾನ್ಯವಾಗಿ ಸೂಚಿಸುತ್ತಾರೆ. "ಆಪರೇಷನ್ ಆಯ್ತಲ್ಲ, ಇನ್ನೇನು" ಎಂದು ಊರಿಗೆ ಹೊರಟವರ ಕೈಚೀಲದಲ್ಲಿ ಈ ಉತ್ತರವಿರುವ ಕಾಗದ ಮಡಿಚಿಕೊಂಡೇ ಇರುತ್ತದೆ.

ತಪ್ಪನ್ನೆಲ್ಲ ಓದದವರ ಮೇಲೆ ಹೊರಿಸುವುದು ನ್ಯಾಯವಲ್ಲ, ಏಕೆಂದರೆ ನಾವು ಬರೆಯುವುದೇ ಇಂಗ್ಲಿಷಿನಲ್ಲಿ, ಅದೂ ವೈದ್ಯರಿಗಾಗಿ. ಆಳ, ಅಂಚು, ನರ, ಗ್ರಂಥಿ ಈ ನಾಲ್ಕರ ಸ್ಥಿತಿಯನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ವರದಿಗೆ ಲಗತ್ತಿಸಲು ಹತ್ತು ನಿಮಿಷ ಸಾಕು. ಪ್ರತಿ ಪ್ರಯೋಗಾಲಯವೂ ಇದನ್ನು ಕಡ್ಡಾಯ ಮಾಡಿಕೊಳ್ಳಬೇಕೆಂಬುದು ನನ್ನ ಒತ್ತಾಯ. ಅಲ್ಲಿಯವರೆಗೆ ರೋಗಿಯ ಮನೆಯವರೇ ಈ ನಾಲ್ಕನ್ನು ಬಾಯಿಬಿಟ್ಟು ಕೇಳಲಿ, ಮತ್ತು ಇನ್ನೊಂದು ಊರಿನಲ್ಲಿ ಎರಡನೆಯ ಅಭಿಪ್ರಾಯ ಪಡೆಯಲು ಹೋಗುವಾಗ ಬರೀ ಕಾಗದವನ್ನಲ್ಲ, ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದು ಒಯ್ಯಲಿ.