ಸ್ಟಾಕ್ ಇಲ್ಲ, ಕಾಂಬೋ ಇದೆ

ಅಂಗಡಿಯಲ್ಲಿ ಸಾಮಾನು ಇಲ್ಲದಿದ್ದರೆ ಇಲ್ಲ ಅನ್ನಲಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಬರೀ ಪಿಎಸ್5, ಅಂದರೆ ಟಿವಿಗೆ ಜೋಡಿಸಿ ಆಡುವ ಸೋನಿ ಕಂಪನಿಯ ಗೇಮ್ ಕನ್ಸೋಲ್, ಕೇಳಿದವನಿಗೆ "ಸ್ಟಾಕ್ ಇಲ್ಲ" ಅಂದು, ಅದರ ಜೊತೆಗೆ ಮೂರು ಗೇಮು, ಹೆಡ್‌ಸೆಟ್ಟು, ಇನ್ನೊಂದು ಕಂಟ್ರೋಲರ್ ತಗೋತೇನೆ ಅಂದವನಿಗೆ ಅದೇ ಕೌಂಟರಿನ ಕೆಳಗಿಂದ ಡಬ್ಬ ತೆಗೆದುಕೊಡುವುದು ಕಾನೂನಿಗೆ ವಿರುದ್ಧ. ಮುಂಬೈಯಲ್ಲಿರುವ ನಮ್ಮ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಉದ್ದವಾದರೂ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

2021ರಲ್ಲಿ ಕಂಡದ್ದನ್ನು ಇಷ್ಟು ವರ್ಷದ ಮೇಲೆ ಈಗ ಬರೆಯುವುದು ಯಾಕೆ ಅಂದರೆ, ಮೊನ್ನೆ ಡೊಂಬಿವಲಿಯಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಾಗ ಪರಿಚಯದವರೊಬ್ಬರು ಹೇಳಿದರು: "ಮಗಳಿಗೆ ನಿಂಟೆಂಡೊ ಸ್ವಿಚ್ 2 ಕನ್ಸೋಲ್ ಬೇಕಂತೆ ಮಾರಾಯ್ರೇ. ಎರಡು ಗೇಮು, ಒಂದು ಕೇಸು ಸೇರಿಸಿ ತಗೊಂಡ್ರೆ ಮಾತ್ರ ಕೊಡ್ತಾರಂತೆ. ಅದು ಪದ್ಧತಿ ಅಲ್ವಾ ಈಗ?" ಅವರು ಅದನ್ನು ಎಷ್ಟು ಸಹಜವಾಗಿ ಒಪ್ಪಿಕೊಂಡಿದ್ದರೆಂದರೆ ನನಗೆ ಊಟ ಸೇರಲಿಲ್ಲ.

ಈ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟದ್ದು 2021ರಲ್ಲಿ. ಪಿಎಸ್5 ಅಮೆರಿಕ, ಜಪಾನುಗಳಲ್ಲಿ 2020ರ ನವೆಂಬರ್‌ನಲ್ಲೇ ಬಂದಿತ್ತು. ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ, ಬೆಲೆ 49,990 ರೂಪಾಯಿ. ಮುಂಗಡ ಬುಕಿಂಗ್ ಜನವರಿ 12ರ ಮಧ್ಯಾಹ್ನ 12 ಗಂಟೆಗೆ ಶುರುವಾಗಿ ನಿಮಿಷಗಳಲ್ಲಿ ಮುಗಿದುಹೋಯಿತು. ನಮ್ಮ ಮನೆಯಲ್ಲಿ ಅದಕ್ಕೆ ಕಾದು ಕೂತಿದ್ದವನು ನನ್ನ ತಂಗಿಯ ಮಗ. ಐರೋಲಿಯ ಒಂದು ಕಂಪನಿಯಲ್ಲಿ ಮೊದಲ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿಪಾಳಿ ಮಾಡಿ, ಸಂಬಳದಲ್ಲಿ ಅರ್ಧ ಮನೆಗೆ ಕೊಟ್ಟು, ಉಳಿದದ್ದರಲ್ಲಿ ಕೂಡಿಟ್ಟ ದುಡ್ಡು. ಕಂತಿನಲ್ಲಿ ತಗೋ ಅಂದರೂ ಒಪ್ಪದ ಹುಡುಗ.

ಆನ್‌ಲೈನಿನಲ್ಲಿ ಸಿಗದಿದ್ದಾಗ ಇಬ್ಬರೂ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಕೋವಿಡ್ ನಿರ್ಬಂಧದ ನಡುವೆ ಲೋಕಲ್ ಟ್ರೈನು ಸಾಮಾನ್ಯ ಜನರಿಗೆ ಮತ್ತೆ ತೆರೆದದ್ದೇ ಆ ಫೆಬ್ರವರಿ 1ರಂದು. ಹಗಲಲ್ಲಿ 12ರಿಂದ 4ರವರೆಗೆ ಮಾತ್ರ ನಮ್ಮಂಥವರಿಗೆ ಪ್ರಯಾಣ. ಡೊಂಬಿವಲಿಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ನಾಲ್ಕರೊಳಗೆ ವಾಪಸು ಗಾಡಿ ಹತ್ತಬೇಕು. ಅಷ್ಟರಲ್ಲಿ ಎಷ್ಟು ಅಂಗಡಿ ಸುತ್ತಲು ಸಾಧ್ಯ?

ಒಂದು ಅಂಗಡಿಯಲ್ಲಿ ಡಬ್ಬ ಕಣ್ಣಿಗೇ ಕಾಣುತ್ತಿತ್ತು. ಹುಡುಗನ ಮುಖ ಅರಳಿತು. ಅಂಗಡಿಯವರು ಒಂದು ಹಳೇ ಚಲನ್ನಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದರು: ಮೇಲೆ 49,990, ಅದರ ಕೆಳಗೆ ಗೇಮುಗಳು, ಹೆಡ್‌ಸೆಟ್ಟು, ಚಾರ್ಜಿಂಗ್ ಸ್ಟ್ಯಾಂಡು. ಮೊತ್ತ ಎಪ್ಪತ್ತು ಸಾವಿರ ದಾಟಿತು. ಬರೀ ಕನ್ಸೋಲ್ ಕೊಡಿ ಅಂದರೆ "ಆಗಲ್ಲ ಭಾಯ್, ಮೇಲಿಂದಲೇ ಹಾಗೆ ಬಂದಿದೆ" ಅನ್ನುವ ಉತ್ತರ ಹಿಂದಿಯಲ್ಲಿ ಬಂತು. ನಾನು ಬಿಲ್ಲು ವೋಚರುಗಳ ನಡುವೆ ಬದುಕುವವನು. ಸರಿ, ಇದೆಲ್ಲ ತಗೊಂಡರೆ ಮಾತ್ರ ಕನ್ಸೋಲ್ ಕೊಡ್ತೇವೆ ಅಂತ ಬಿಲ್ಲಿನ ಮೇಲೆ ಒಂದು ಸಾಲು ಬರೆದುಕೊಡಿ ಅಂದೆ. ಅವರು ಆ ಚಲನ್ನು ನನ್ನ ಕೈಯಿಂದ ತಗೊಂಡು ಮಡಚಿ ಜೇಬಿಗೆ ಹಾಕಿಕೊಂಡು ಮುಂದಿನ ಗಿರಾಕಿಯ ಕಡೆ ತಿರುಗಿದರು. "ಮಾವ, ಬಿಡಿ, ಹೋಗುವ" ಅಂತ ಹುಡುಗ ನನ್ನ ತೋಳು ಹಿಡಿದ. ಅವನಿಗೆ ನಾಚಿಕೆಯಾಗಿತ್ತು. ತಪ್ಪು ಮಾಡಿದವರು ಯಾರು, ನಾಚಿಕೆಪಟ್ಟವರು ಯಾರು!

ಕೊರತೆಗೆ ಕಾರಣಗಳಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಪಿಎಸ್5ರ ಒಳಗಿನ ಪ್ರೊಸೆಸರ್ ಚಿಪ್ ಎಎಂಡಿ ಕಂಪನಿಯದು, ಅದನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ ಕಂಪನಿ. ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪು, ಫೋನು ಎಲ್ಲದಕ್ಕೂ ಒಟ್ಟಿಗೇ ಬೇಡಿಕೆ ಎದ್ದು ಚಿಪ್ ಕಾರ್ಖಾನೆಗಳ ಮುಂದೆ ಸಾಲು ಬೆಳೆಯಿತು. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಹಿಮಗಾಳಿಗೆ ಅಲ್ಲಿನ ಚಿಪ್ ಘಟಕಗಳು ನಿಂತವು, ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು, ತೈವಾನಿನಲ್ಲಿ ಬರ ಬಂದು ಚಿಪ್ ತಯಾರಿಕೆಗೆ ಬೇಕಾದ ನೀರನ್ನು ಟ್ಯಾಂಕರಿನಲ್ಲಿ ತರಿಸಿದರು. ಇಷ್ಟರ ನಡುವೆಯೂ 2021ರ ಮಾರ್ಚ್ ಕೊನೆಗೆ ಸೋನಿ ಜಗತ್ತಿನಾದ್ಯಂತ 78 ಲಕ್ಷ ಪಿಎಸ್5 ಕಳಿಸಿತ್ತು. ಸಲೀಸಾಗಿ ಸಿಗುವ ಕಾಲ ಬಂತು ಎಂದು ಕಂಪನಿ ಹೇಳಿದ್ದು 2023ರ ಜನವರಿಯಲ್ಲಿ. ಇದ್ದದ್ದು ಕಡಿಮೆ, ಬೇಕಾದವರು ಹೆಚ್ಚು. ಇರುವ ಸ್ವಲ್ಪವನ್ನು ಯಾರಿಗೆ, ಯಾವ ಕ್ರಮದಲ್ಲಿ ಕೊಟ್ಟರು ಅನ್ನುವುದರ ಬಗ್ಗೆ ನನ್ನ ತಕರಾರು.

ಎರಡನೇ ದೊಡ್ಡ ಕಂತಿನ ಬುಕಿಂಗ್ 2021ರ ಮೇ 17ರ ಮಧ್ಯಾಹ್ನ 12ಕ್ಕೆ. ಮುಂಬೈಯಲ್ಲಿದ್ದವರಿಗೆ ಆ ತಾರೀಖು ಬೇರೆ ಕಾರಣಕ್ಕೆ ನೆನಪಿರುತ್ತದೆ, ತೌಕ್ತೆ ಚಂಡಮಾರುತ ಪಕ್ಕದಿಂದಲೇ ಹಾದುಹೋದ ದಿನ. ಲಾಕ್‌ಡೌನಿನಿಂದ ಅಂಗಡಿಗಳು ಮುಚ್ಚಿದ್ದವು, ಆನ್‌ಲೈನ್ ಒಂದೇ ದಾರಿ. ನಮ್ಮಲ್ಲಿ ಬೆಳಿಗ್ಗೆಯೇ ಕರೆಂಟು ಹೋಗಿ ವೈಫೈ ಸತ್ತಿತ್ತು. ಹುಡುಗ ಕಿಟಕಿಯ ಕಟ್ಟೆಯ ಮೇಲೆ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ಫೋನಿಟ್ಟುಕೊಂಡು ಮಳೆಯ ಎರಚಲಿಗೆ ಬೆನ್ನು ಕೊಟ್ಟು ನಿಂತಿದ್ದ. ಪುಟ ತೆರೆಯಿತು, ಬಟನ್ ಕಾಣಿಸಿತು, ಒತ್ತಿದ. 421201 ಪಿನ್‌ಕೋಡಿಗೆ ಡೆಲಿವರಿ ಇಲ್ಲ ಅಂತ ಬಂತು. ಇನ್ನೊಂದು ಸೈಟಿಗೆ ಹೋಗುವಷ್ಟರಲ್ಲಿ ಖಾಲಿ. ಕೊನೆಗೆ ಮರುವರ್ಷ ಬರೀ ಕನ್ಸೋಲ್ ಸಿಕ್ಕಿತು, ಅಷ್ಟು ಹೊತ್ತಿಗೆ ಅವನ ಉತ್ಸಾಹ ಇಳಿದಿತ್ತು.

ಕೊರತೆ ನಮಗೆ ಹೊಸದಲ್ಲ. ಪುಣೆಯಲ್ಲಿ ತಯಾರಾಗುತ್ತಿದ್ದ ಬಜಾಜ್ ಚೇತಕ್‌ಗೆ ನಮ್ಮ ಅಪ್ಪಂದಿರು ವರ್ಷಗಟ್ಟಲೆ ಕಾದಿದ್ದಾರೆ. ಆಗಲೂ ಬುಕಿಂಗನ್ನು ಹೆಚ್ಚಿನ ಬೆಲೆಗೆ ಮಾರಿಕೊಳ್ಳುವವರು ಇದ್ದರು, ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಬುಕ್ ಮಾಡಿದವರ ಕೈಯಲ್ಲಿ ಒಂದು ರಸೀದಿ ಇರುತ್ತಿತ್ತು, ಅದರ ಮೇಲೆ ಒಂದು ನಂಬರು ಇರುತ್ತಿತ್ತು. ಇಂದಲ್ಲ ನಾಳೆ ಆ ನಂಬರು ಬರುತ್ತದೆ ಅಂತ ಗೊತ್ತಿರುತ್ತಿತ್ತು. ಮಧ್ಯಾಹ್ನ 12ಕ್ಕೆ ಯಾರ ಇಂಟರ್‌ನೆಟ್ ಜೋರಾಗಿದೆಯೋ ಅವರಿಗೆ ಅನ್ನುವ ವ್ಯವಸ್ಥೆಯಲ್ಲಿ ಅಷ್ಟೂ ಇಲ್ಲ.

ಈಗ ಕಾನೂನಿಗೆ ಬರುತ್ತೇನೆ. ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಹೆಚ್ಚಿಗೆ ಅಂಗಡಿಯವರು ಮಾರುವಂತಿಲ್ಲ, ಇದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ. ನಮಗೆ ಗೊತ್ತು, ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಎಂಆರ್‌ಪಿ ದಾಟದೆ ಹೆಚ್ಚು ದುಡ್ಡು ಎಳೆಯುವ ದಾರಿಯೇ ಕಾಂಬೋ, ಅಂದರೆ ಹಲವು ಸಾಮಾನು ಒಟ್ಟಿಗೆ ಕಟ್ಟಿ ಮಾರುವುದು. ಬಿಲ್ಲು ನೋಡಿದರೆ ಪ್ರತಿ ಸಾಲಿನಲ್ಲೂ ಎಂಆರ್‌ಪಿಯೇ ಇರುತ್ತದೆ, ಎಲ್ಲ ಸಾಚಾ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನೂ ಬಿಟ್ಟಿಲ್ಲ. ಅದರ ಸೆಕ್ಷನ್ 2(41)ರ ಪ್ರಕಾರ, ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕು ಎಂಬ ಷರತ್ತು ನಿರ್ಬಂಧಕ ವ್ಯಾಪಾರ ಪದ್ಧತಿ, ಅದರ ವಿರುದ್ಧ ದೂರು ಕೊಡಬಹುದು. ಕಾಯ್ದೆ ಜಾರಿಗೆ ಬಂದದ್ದು 2020ರ ಜುಲೈಯಲ್ಲಿ, ಪಿಎಸ್5 ಈ ದೇಶಕ್ಕೆ ಬರುವ ಮೊದಲೇ. ಕಾಂಬೋ ಮಾರುವುದೇ ತಪ್ಪು ಎಂದು ಇದರ ಅರ್ಥವಲ್ಲ. ಬಿಡಿಯಾಗಿಯೂ ಕೊಟ್ಟು, ಬೇಕಾದವರಿಗೆ ಕಾಂಬೋ ಕೊಟ್ಟರೆ ಯಾರ ತಕರಾರೂ ಇಲ್ಲ. ಬಿಡಿ ಕೊಡುವುದಿಲ್ಲ ಅಂದಾಗ ಅದು ತಪ್ಪು.

ಆಟದ ಡಬ್ಬಕ್ಕೆ ಇಷ್ಟು ಗಲಾಟೆ ಯಾಕೆ, ಅದೇನು ಅಕ್ಕಿಯೇ ಬೇಳೆಯೇ ಅಂತ ಮನೆಯಲ್ಲೇ ಕೇಳಿದರು. ಹೊಸ ಗ್ಯಾಸ್ ಕನೆಕ್ಷನ್ ತಗೊಂಡವರು ನೆನಪು ಮಾಡಿಕೊಳ್ಳಿ. ಒಲೆ ನಮ್ಮಲ್ಲೇ ತಗೊಳ್ಳಿ ಅಂತ ಎಷ್ಟು ಏಜೆನ್ಸಿಯವರು ತಲೆಗೆ ಕಟ್ಟಿಲ್ಲ? ಶಾಲೆಗೆ ಸೇರಿಸುವಾಗ ಪುಸ್ತಕ, ಯೂನಿಫಾರ್ಮು ಇದೇ ಅಂಗಡಿಯದು ಅಂತ ಎಷ್ಟು ಕಡೆ ಹೇಳಿಲ್ಲ? ಎಲ್ಲ ಒಂದೇ ಚಾಳಿ. ಕೆಲಸಕ್ಕೆ ಸೇರಿದ ಹುಡುಗ ತನ್ನ ಮೊದಲ ದೊಡ್ಡ ಖರೀದಿಯಲ್ಲೇ ಇದಕ್ಕೆ ತಲೆಬಾಗಿದರೆ, ನಾಳೆ ಮನೆ ಕೊಳ್ಳುವಾಗ ಬಿಲ್ಡರ್ ಕಟ್ಟಿದ್ದನ್ನೆಲ್ಲ ಹೊತ್ತುಕೊಂಡು ಬರುತ್ತಾನೆ. ನನಗೆ ಆ ಭಯ.

ಕನ್ಸೋಲಿನಲ್ಲಿ ಅಂಗಡಿಯವರಿಗೆ ಉಳಿಯುವುದು ತೀರಾ ಕಡಿಮೆ, ಗೇಮು ಆಕ್ಸೆಸರಿಗಳಿಂದಲೇ ಅವರ ಬಾಡಿಗೆ ಹುಟ್ಟಬೇಕು ಅನ್ನುವುದೂ ನಿಜ. ಆದರೆ ಅದು ಕಂಪನಿಯ ಜೊತೆ ಜಗಳವಾಡಿ ಬಗೆಹರಿಸಿಕೊಳ್ಳಬೇಕಾದ ವಿಷಯ.

ದಾರಿ ಇಲ್ಲ ಅಂತ ಯಾರೂ ಹೇಳಬೇಡಿ. ಜಪಾನಿನಲ್ಲಿ ನೋಜಿಮಾ ಎಂಬ ಮಳಿಗೆಯವರು 2021ರಲ್ಲಿ ಪಿಎಸ್5 ಡಬ್ಬದ ಮೇಲೆ ಕೊಂಡವರ ಹೆಸರನ್ನೇ ಬರೆದುಕೊಟ್ಟರು, ಮರುಮಾರಾಟಕ್ಕೆ ಬೆಲೆ ಬಾರದ ಹಾಗೆ. 2025ರಲ್ಲಿ ಸ್ವಿಚ್ 2 ಬರುವಾಗ ನಿಂಟೆಂಡೊ ಅಲ್ಲಿನ ತನ್ನ ಆನ್‌ಲೈನ್ ಅಂಗಡಿಯಲ್ಲಿ ಲಾಟರಿ ಎತ್ತಿತು. ಹಳೆಯ ಸ್ವಿಚ್‌ನಲ್ಲಿ 50 ಗಂಟೆ ಆಡಿರಬೇಕು, ಒಂದು ವರ್ಷದ ಆನ್‌ಲೈನ್ ಸದಸ್ಯತ್ವ ಇರಬೇಕು ಅಂತ ಷರತ್ತು. ಅಷ್ಟಿದ್ದೂ 22 ಲಕ್ಷ ಅರ್ಜಿ ಬಂದು ಬಹಳ ಜನರಿಗೆ ಸಿಗಲಿಲ್ಲ, ಆದರೆ ಆಡುವವರ ನಡುವೆಯೇ ಹಂಚಿಕೆಯಾಯಿತು. ನಮ್ಮಲ್ಲಿ ಒಂದು ಫೋನ್ ನಂಬರಿಗೆ ಒಂದೇ ಕನ್ಸೋಲ್, ಎರಡು ದಿನ ಅರ್ಜಿ ತಗೊಂಡು ಆಮೇಲೆ ಚೀಟಿ ಎತ್ತುವುದು, ಇಷ್ಟು ಮಾಡಲು ಯಾವ ಕಷ್ಟವೂ ಇಲ್ಲ.

ಸ್ವಿಚ್ 2 ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. 2025ರ ಜೂನ್ 5ರ ಬಿಡುಗಡೆಯ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಮುಂಬೈಯ ಹೀರಾ ಪನ್ನಾ ಮಾರ್ಕೆಟ್ಟಿನಲ್ಲೋ ಲ್ಯಾಮಿಂಗ್ಟನ್ ರೋಡಿನಲ್ಲೋ ಯಾರಾದರೂ ಡಬ್ಬ ತೋರಿಸಿದರೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಿದೆಯಾ ನೋಡಿ. ಅದು ಇಲ್ಲದಿದ್ದರೆ ಕೆಟ್ಟಾಗ ಯಾರನ್ನು ಕೇಳುತ್ತೀರಿ?

"ಬಿಡಿ ಕೊಡಲ್ಲ" ಅನ್ನುವ ಮಾತನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. "ಸಿಂಗಲ್ ಪೀಸ್ ಸಿಗುತ್ತಾ?" ಅಂತ ಮೆಸೇಜು ಹಾಕಿದರೆ ಬಹಳ ಅಂಗಡಿಯವರು ತಾವಾಗಿಯೇ ಉತ್ತರ ಬರೆಯುತ್ತಾರೆ. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಸಾಮಾನಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಅಂಗಡಿ ಮುಂಬೈಯಲ್ಲಿದ್ದರೂ ಡೊಂಬಿವಲಿ, ಕಲ್ಯಾಣದವರು ನಮ್ಮ ಠಾಣೆ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಘಟನೆ ನಡೆದು ಎರಡು ವರ್ಷದೊಳಗೆ ಕೊಡಬೇಕು. ದೂರು ಬರೆಯಲು ಕಷ್ಟವಾದರೆ ಬಿಲ್ಲಿನ ಫೋಟೊ, ವಾಟ್ಸಾಪ್ ಸ್ಕ್ರೀನ್‌ಶಾಟ್ ನನಗೆ ಇನ್‌ಬಾಕ್ಸ್ ಮಾಡಿ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಕೂತು ಬರೆದುಕೊಡುತ್ತೇನೆ.