ಅಲಾಯ್ ವೀಲ್ ರಿಪೇರಿಯ ರಗಳೆ
ಅಲಾಯ್ ವೀಲಿನ, ಅಂದರೆ ಗಾಡಿಯ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರದ, ಅಂಚು ಫುಟ್‌ಪಾತ್‌ಗೆ ಚೂರು ಉಜ್ಜಿದರೂ ಸಾಕು, ರಗಳೆ ಶುರು. ಬರೀ ಬಣ್ಣ ಹೊಡೆದ ವೀಲಾದರೆ ಪರವಾಗಿಲ್ಲ. ಉಜ್ಜಿ, ತುಂಬಿ, ಬಣ್ಣ ಹೊಡೆದರೆ ಮುಗಿಯಿತು. ಡೈಮಂಡ್ ಕಟ್, ಅಂದರೆ ಮುಖದ ಲೋಹವನ್ನೇ ನುಣ್ಣಗೆ ಹೆರೆದು ಹೊಳೆಯುವಂತೆ ಮಾಡಿದ ವೀಲ್ ಆದರೆ ಕಥೆಯೇ ಬೇರೆ. ಲೇತ್ ಅನ್ನುವ ತಿರುಗಿಸಿ ಹೆರೆಯುವ ಯಂತ್ರಕ್ಕೆ ಹಾಕಿ ಮೇಲಿನ ಲೋಹವನ್ನೇ ಹೆರೆಯಬೇಕು. ಪ್ರತಿ ಸಲವೂ ವೀಲ್ ತೆಳ್ಳಗಾಗುತ್ತದೆ, ಹಾಗಾಗಿ ಜಾಸ್ತಿ ಸಲ ಮಾಡಿಸುವಂತೆಯೂ ಇಲ್ಲ. ಮೇಲಿನ ಪಾರದರ್ಶಕ ಲೇಪ (ಲ್ಯಾಕರ್) ಒಂದು ಕಡೆ ಕಿತ್ತರೆ ನೀರು ಒಳಗೆ ನುಗ್ಗಿ, ಬಿಳಿ ಹುಳು ಹರಿದಂತೆ ಗೆರೆ ಬೀಳುತ್ತವೆ. ರಸ್ತೆಯಲ್ಲಿ ಉರುಳಬೇಕಾದ ವಸ್ತುವಿಗೆ ಇಷ್ಟು ನಾಜೂಕು ಯಾಕೋ!

ಇನ್ನು ಬಿರುಕು ಬಿಟ್ಟ ವೀಲಿಗೆ ವೆಲ್ಡಿಂಗ್ ಮಾಡಿ, ಮೇಲೆ ಬಣ್ಣ ಬಳಿದು, ‘ಏನೂ ಆಗಲ್ಲ ಸಾರ್’ ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಆ ಬಿಸಿಗೆ ಸುತ್ತಲಿನ ಅಲ್ಯೂಮಿನಿಯಂ ಗಟ್ಟಿತನವನ್ನೇ ಕಳೆದುಕೊಳ್ಳಬಹುದು. ಗಾಡಿ ಜೋರಾಗಿ ಓಡುವಾಗ ಅದು ಒಡೆದರೆ ಒಳಗೆ ಕೂತಿರುವವರು ನಾವು, ಅವರಲ್ಲ ಅಲ್ವಾ?